ಮೇಲಂಚಿಗೆ ಮಾತ್ರ ಅಂಟು

ಅವರ ಬಲಗೈಯ ಮೂರು ಬೆರಳುಗಳ ಉಗುರು ಸದಾ ತುಸು ನೀಲಿಯಾಗಿರುತ್ತಿತ್ತು. ಬೈಂಡಿಂಗಿನ ಅಂಟಿಗೆ ಹುಳ ಹತ್ತಬಾರದೆಂದು ಮೈದಾದ ಜೊತೆ ಮೈಲುತುತ್ತು ಕಲಸುತ್ತಿದ್ದರು. ಅಡಿಕೆಗೆ ಔಷಧಿ ಹೊಡೆಯಲು ತಂದದ್ದರಲ್ಲಿ ಒಂದು ಹಿಡಿಯನ್ನು ವರ್ಷಕ್ಕೊಮ್ಮೆ ನನ್ನ ಅಪ್ಪನೇ ಪೊಟ್ಟಣ ಕಟ್ಟಿ ಕೊಟ್ಟುಬರುತ್ತಿದ್ದ. ಹಾಗಾಗಿ ಅವರ ಅಂಗಡಿಯಲ್ಲಿ ಒಂದೇ ಕಾನೂನು, ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚುವಂತಿಲ್ಲ. "ವಿಷ ಹಾಕಿದೀನಿ ಮಾರಾಯ. ಓದಿ ಸತ್ತ ಅಂತ ನನ್ನ ಮೇಲೆ ಬರ್ತದೆ" ಎನ್ನುತ್ತಿದ್ದರು. ನಾನೀಗ ನರಸಿಂಹರಾಜಪುರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಉತ್ತರಪತ್ರಿಕೆ ತಿದ್ದುವಾಗ ಬಾಯಿಯ ಹತ್ತಿರ ಹೋದ ಬೆರಳು ಇವತ್ತಿಗೂ ತಾನಾಗಿಯೇ ವಾಪಸು ಬರುತ್ತದೆ.

ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಾಲ್ಕು ಒಳ್ಳೆಯ ಮಾತು ಬರೆದು ಕೈ ತೊಳೆದುಕೊಳ್ಳಬಹುದಿತ್ತು, ಸತ್ತವರ ಬಗ್ಗೆ ನಾವೆಲ್ಲ ಬರೆಯುವುದೇ ಹಾಗೆ. ಆದರೆ ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ತೆಳ್ಳನೆಯ ಪುಸ್ತಕವಿದೆ. ಅದಿರುವ ತನಕ ಬರೀ ಒಳ್ಳೆಯ ಮಾತು ಬರೆಯಲು ನನ್ನಿಂದಾಗದು.

ಊರಿಗೆ ಅವರು ಬೈಂಡಿಂಗ್ ಸಾಹೇಬರು, ನನಗೆ ಚಾಚಾ. ಹೆಸರು ಇಷ್ಟೇ ಸಾಕು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಅಂಗಡಿ. ಮುಂದೆ ಹಲಗೆಗಳನ್ನು ತಿರುಪಿನಿಂದ ಬಿಗಿಯುವ ಪ್ರೆಸ್ಸು, ಹಿಂದೆ ಬಾಡಿಗೆಗೆ ಕೊಡುವ ಪುಸ್ತಕಗಳ ಕಪಾಟು. ಪಂಚಾಯಿತಿಯ ರಿಜಿಸ್ಟರು, ಮದರಸದ ಪಾಠದ ಪುಸ್ತಕ, ಶೃಂಗೇರಿಯ ವೈದಿಕರ ಹರಿದ ಪಂಚಾಂಗ, ಎಲ್ಲವೂ ಒಂದೇ ಅಂಟಿನಲ್ಲಿ ಗಟ್ಟಿಯಾಗುತ್ತಿದ್ದವು. ನಡುವೆ ಒಂದು ಗಿಡ್ಡ ಸ್ಟೂಲು. ನಾನು ಕಂಡ ಅಷ್ಟೂ ವರ್ಷ ಅವರು ಕೂತದ್ದು ಅದರ ಮೇಲೆಯೇ. ನಮ್ಮ ಮನೆಮಾತಿನಲ್ಲಿ ಹುಡುಗಿಯನ್ನು ಕೂಸು ಎನ್ನುತ್ತಾರೆಂದು ಅಪ್ಪನಿಂದ ಕೇಳಿ ತಿಳಿದಿದ್ದರು. ಅವತ್ತಿನಿಂದ ನನ್ನನ್ನು ಬೇಕೆಂದೇ "ಏನು ಕೂಸೇ, ಬತ್ತೆ ಅಂದವಳು ಬರ್ಲೇ ಇಲ್ಲ" ಎಂದು ಕೆಣಕುವರು.

ಅವರ ಅಸಲಿ ಕೆಲಸ ಕಪಾಟಿನ ಕೆಳಗಿನ ಎರಡು ಅಂತಸ್ತಿನಲ್ಲಿತ್ತು. ಕಾಫಿ ಎಸ್ಟೇಟುಗಳ ಬಂಗಲೆಗಳಿಂದ ರದ್ದಿ ಕಾಗದ ಬರುತ್ತಿತ್ತು. ಆ ಮನೆಯ ಮಕ್ಕಳು ಬೋರ್ಡಿಂಗ್ ಸ್ಕೂಲಿನಿಂದ ತಂದು ಓದಿ ಬಿಸಾಡಿದ ಇಂಗ್ಲಿಷ್ ಕಾಮಿಕ್ಸುಗಳು ಅದರಲ್ಲಿರುತ್ತಿದ್ದವು. ಹಾರುವವರು, ಬೆಂಕಿ ಉಗುಳುವವರು, ಗೋಡೆ ತೂರಿ ಹೋಗುವವರು. ನಮಗೆ ಚಿತ್ರ ಅರ್ಥವಾಗುತ್ತಿತ್ತು, ಮಾತು ಆಗುತ್ತಿರಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಚಾಚಾ ಒಂದು ಹರಕು ಡಿಕ್ಷನರಿ ಇಟ್ಟುಕೊಂಡು ಆ ಮಾತಿನ ಗುಳ್ಳೆಗಳ ಅಳತೆಗೆ ಸರಿಯಾಗಿ ಬಿಳಿ ಚೀಟಿ ಕತ್ತರಿಸಿ, ಅದರ ಮೇಲೆ ಕನ್ನಡ ಬರೆದು, ಒಂದೊಂದನ್ನೂ ಅಂಟಿಸುವರು. ಒಂದು ಪುಸ್ತಕಕ್ಕೆ ತಿಂಗಳೇ ಹಿಡಿಯುತ್ತಿತ್ತು. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ.

ಅಂಟಿಸುವುದರಲ್ಲಿ ಒಂದು ಕ್ರಮವಿತ್ತು. ಚೀಟಿಯ ಮೇಲಂಚಿಗೆ ಮಾತ್ರ ಅಂಟು, ಕೆಳಗಿನ ಮೂರು ಬದಿ ಖಾಲಿ. ಉಗುರು ಹಾಕಿ ಎತ್ತಿದರೆ ಅಡಿಯ ಇಂಗ್ಲಿಷು ಕಾಣಬೇಕು. ಹೀಗೆ ಅಂಟಿಸಿದರೆ ಕಿತ್ತುಹೋಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಹೋದ್ರೆ ಇನ್ನೊಂದು ಬರೀತೀನಿ. ಅನುಮಾನ ಬಂದವ್ರು ಎತ್ತಿ ನೋಡ್ಬೇಕು. ನಾನೇನು ಬರ್ದೋನಾ? ಅಂಟಿಸೋನು. ಅಂಟಿಸೋನು ಮುಚ್ಚಿಟ್ಟ ಅಂತ ಆಗ್ಬಾರ್ದು" ಎಂದಿದ್ದರು.

ನಾನು ಇಂಗ್ಲಿಷ್ ಕಲಿತದ್ದು ಶಾಲೆಯಲ್ಲಲ್ಲ. ಕನ್ನಡ ಓದುವುದು, ಚೀಟಿ ಎತ್ತುವುದು, ಅಡಿಯದನ್ನು ಓದುವುದು, ಮತ್ತೆ ಚೀಟಿ ಇಳಿಸುವುದು. ಅಂಗಡಿಯ ಬೆಂಚಿನ ಮೇಲೆ ನಾಲ್ಕು ವರ್ಷ ನಾನು ಮಾಡಿದ್ದು ಇಷ್ಟೇ. ಇವತ್ತು ನನಗೆ ಅನ್ನ ಹಾಕುತ್ತಿರುವುದು ಅವರು ಅಂಟಿಸದೆ ಬಿಟ್ಟ ಆ ಮೂರು ಬದಿಗಳು. ಇದನ್ನು ಅವರಿಗೆ ಹೇಳಿದ್ದೆ ಕೂಡ. "ಹಾಗಾದ್ರೆ ಸಂಬಳದಲ್ಲಿ ಮುಕ್ಕಾಲು ಪಾಲು ನಂದು" ಎಂದು ನಕ್ಕಿದ್ದರು.

ಒಂದು ಎಸ್ಟೇಟಿನ ರದ್ದಿಯಲ್ಲಿ ಒಂದು ಕಿರುಸರಣಿಯ ಐದು ಪುಸ್ತಕ ಒಟ್ಟಿಗೆ ಸಿಕ್ಕಿದವು. ಒಟ್ಟು ಆರು ಭಾಗವೆಂದು ಮುಖಪುಟದ ಮೇಲೇ ಇತ್ತು. ಚಾಚಾ ಅದಕ್ಕಿಟ್ಟ ಹೆಸರು 'ಕಲ್ಲಾಗುವವನು'. ಒಂದು ಊರಿನ ಮೇಲೆ ದೊಡ್ಡ ಅಣೆಕಟ್ಟು, ಅದರಲ್ಲಿ ಬಿರುಕು. ಅಲ್ಲಿಯ ಕಾವಲುಗಾರನೊಬ್ಬನಿಗೆ ಬೀಳುವುದನ್ನು ತಡೆದು ಹಿಡಿಯುವ ಶಕ್ತಿ ಬಂದಿದೆ. ಆದರೆ ಹಿಡಿದಷ್ಟೂ ಅವನ ಮೈ ಪಾದದಿಂದ ಮೇಲಕ್ಕೆ ಕಲ್ಲಾಗುತ್ತದೆ. ಐದನೆಯ ಭಾಗ ಮುಗಿಯುವಾಗ ಎದೆಯ ತನಕ ಕಲ್ಲು. ಕೆಳಗೆ ಊರು ಸಂತೆ ಮಾಡಿಕೊಂಡಿದೆ, ಮೇಲೆ ಒಬ್ಬ ನಿಂತಿದ್ದಾನೆಂದು ಒಬ್ಬರಿಗೂ ತಿಳಿಯದು. ಕೊನೆಯ ಗುಳ್ಳೆಯಲ್ಲಿ ಅವನು ಕೇಳುತ್ತಾನೆ, "ಕೆಳಗೆ ಯಾರಿಗಾದರೂ ಗೊತ್ತಾ?" ಭದ್ರಾ ಹಿನ್ನೀರು ನೋಡಿ ಬೆಳೆದ ನಮಗೆ ಕಟ್ಟೆ ಒಡೆದರೆ ಏನೆಂದು ಯಾರೂ ವಿವರಿಸಬೇಕಿರಲಿಲ್ಲ.

ಹಾರುವ ವೀರರ ಬಗ್ಗೆ ಚಾಚಾಗೆ ಅಂಥ ಗೌರವವಿರಲಿಲ್ಲ. ಕನ್ನಡ ಮಾಡುವರು, ಅಷ್ಟೇ. ಇವನ ವಿಷಯ ಬೇರೆ. "ಹಾರೋರೆಲ್ಲ ಸುಳ್ಳು ಕೂಸೇ. ನಿಂತೋನೊಬ್ಬ ನಿಜ" ಎಂದಿದ್ದರು. ಬಿರುಕು ದೊಡ್ಡದಾದಾಗಲೆಲ್ಲ ಅವನು ಕೂಗುವ ಒಂದು ಮಾತಿಗೆ ಕನ್ನಡ ಸಿಗದೆ ಹದಿನೈದು ದಿನ ಒದ್ದಾಡಿದರು. ಕೊನೆಗೆ ಅಡಿಕೆ ಮಂಡಿಯ ಎದುರು ಹೋಗಿ ನಿಂತರಂತೆ. ಹಮಾಲಿಯೊಬ್ಬನ ಬೆನ್ನಿನಿಂದ ಮೂಟೆ ಜಾರಿದಾಗ ಇನ್ನೊಬ್ಬ "ತಡ್ಕ!" ಎಂದು ಕೂಗಿದ. ಚಾಚಾ ಅಂಗಡಿಗೆ ವಾಪಸಾದವರೇ ಅದನ್ನು ಬರೆದು ಅಂಟಿಸಿದರು. ಆಮೇಲೆ ನಮ್ಮಲ್ಲಿ ಯಾರು ಸೈಕಲ್ಲಿನಿಂದ ಬಿದ್ದರೂ ತಡ್ಕ, ಯಾರು ಪರೀಕ್ಷೆಗೆ ಹೊರಟರೂ ತಡ್ಕ.

ನಾಲ್ಕನೆಯ ಭಾಗದಲ್ಲಿ ನಾನು ಅವರ ತಪ್ಪೊಂದನ್ನು ಹಿಡಿದೆ. ಚೀಟಿಯಲ್ಲಿ "ನನ್ನಿಂದ ಆಗುತ್ತದೆ" ಎಂದಿತ್ತು. ಎತ್ತಿ ನೋಡಿದರೆ ಇಂಗ್ಲಿಷಿನಲ್ಲಿ ಆಗುವುದಿಲ್ಲ ಎಂದಿದೆ. ಹನ್ನೆರಡು ವರ್ಷದ ಜಂಬ ಕೇಳಬೇಕೆ? ಅಂಗಡಿ ತುಂಬ ಕೇಳುವಂತೆ ಹೇಳಿದೆ. ಚಾಚಾ ಪುಸ್ತಕ ತೆಗೆದುಕೊಂಡು ತಾವೂ ಚೀಟಿ ಎತ್ತಿ ನೋಡಿದರು.

"ಕಣ್ಣು ತಪ್ಪಿದ್ದಲ್ಲ ಕೂಸೇ. ಅವನು ಆಗಲ್ಲ ಅನ್ನೋದು ನಂಗೆ ಬೇಡಾಗಿತ್ತು. ಅದಕ್ಕೇ ಕೈ ಹಾಗೆ ಬರೀತು" ಎಂದರು. ಎದುರಿಗೇ ಚೀಟಿ ಕಿತ್ತು ಹೊಸದು ಬರೆದರು. ಬಂದವರಿಗೆಲ್ಲ, "ಈ ಕೂಸು ನನ್ನನ್ನ ಎತ್ತಿ ನೋಡ್ತು" ಎಂದು ಒಂದು ವಾರ ಹೇಳಿಕೊಂಡು ತಿರುಗಿದರು. ಸಿಕ್ಕಿಬಿದ್ದವರು ಅಷ್ಟು ಖುಷಿಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆರನೆಯ ಭಾಗ ಬರಲಿಲ್ಲ. ಬರೆದವನಿಗೂ ಕಂಪನಿಗೂ ಜಗಳವಾಗಿ ನಿಂತುಹೋಯಿತೆಂದು ಎಷ್ಟೋ ವರ್ಷಗಳ ಮೇಲೆ ನಾನು ಫೋನಿನಲ್ಲಿ ಓದಿ ತಿಳಿದೆ. ಚಾಚಾಗೆ ಹೇಳಿದರೆ, "ಜಗಳ ಯಾವತ್ತಾದ್ರೂ ಮುಗೀಲೇಬೇಕಲ್ಲ" ಎಂದರು. ಆರೂ ಸೇರಿಸಿ ಒಂದೇ ಬೈಂಡು ಮಾಡಬೇಕೆಂದು ಐದನ್ನೂ ಬಿಡಿಯಾಗಿಯೇ ಇಟ್ಟಿದ್ದರು. ಆರನೆಯದರ ಜಾಗಕ್ಕೆ ಅದೇ ಅಳತೆಯ ರಟ್ಟು ಕತ್ತರಿಸಿ, ಅದರ ಮೇಲೆ ಕನ್ನಡದ ಆರು ಬರೆದು ನಿಲ್ಲಿಸಿದ್ದರು. ನಾನು ಕಾಲೇಜಿಗೆ ಹೋದೆ, ಕೆಲಸಕ್ಕೆ ಸೇರಿದೆ, ಬಾಡಿಗೆಗೆ ಪುಸ್ತಕ ಒಯ್ಯುವವರು ಒಬ್ಬೊಬ್ಬರಾಗಿ ಇಲ್ಲವಾದರು, ಪಂಚಾಯಿತಿಯ ರಿಜಿಸ್ಟರು ಕಂಪ್ಯೂಟರಿಗೆ ಹೋಯಿತು. ರಟ್ಟು ಮಾತ್ರ ಅಲ್ಲೇ ಇತ್ತು.

ಈ ನಡುವೆ ಅವರಿಗೆ ಸಕ್ಕರೆ ಕಾಯಿಲೆ ಬಲಿಯಿತು. ಮೊದಲು ಎಡಗಾಲಿನ ಒಂದು ಬೆರಳು ತೆಗೆದರು, ಆಮೇಲೆ ಎರಡು, ಆಮೇಲೆ ಅರ್ಧ ಪಾದ. ಕಣ್ಣೂ ಮಂಜಾಯಿತು. ಅಂಗಡಿ ಮುಚ್ಚಿ, ಕಪಾಟನ್ನು ಮನೆಗೆ ತಂದಿಟ್ಟುಕೊಂಡು ಮಂಚ ಹಿಡಿದರು. "ನೋಡು, ಅವನಿಗೂ ಕಾಲಿಂದ್ಲೇ ಶುರುವಾಗಿದ್ದು" ಎಂದು ಕಾಲು ತೋರಿಸಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕಳೆದ ವರ್ಷ ಶಿವಮೊಗ್ಗದ ಡಾಕ್ಟರು ಮೊಣಕಾಲಿನ ಕೆಳಗೆ ಪೂರಾ ತೆಗೆಯಬೇಕು, ತಡಮಾಡಿದರೆ ವಿಷ ಮೈಗೇರಿ ಜೀವಕ್ಕೇ ಅಪಾಯ ಎಂದರು. ಚಾಚಾ ಒಪ್ಪಲಿಲ್ಲ. ಇವತ್ತು ನಾಳೆ ಎಂದು ದೂಡಿದರು. ಅವರ ಹೆಂಡತಿ ಚಾಚಿ ಒಂದು ದಿನ ನನ್ನನ್ನು ಅಡಿಗೆಮನೆಗೆ ಕರೆದು, "ನೀನು ಹೇಳಿದ್ರೆ ಕೇಳ್ತಾರೆ ಬೇಟಾ. ಕಾಲು ಹೋದ್ರೆ ಹೋಗ್ಲಿ, ಮನುಷ್ಯ ಇರ್ಲಿ ನಂಗೆ" ಎಂದು ಕೈ ಹಿಡಿದುಕೊಂಡರು. ನಾನು ಹೋಗಿ ಹೇಳಿದೆ. ಚಾಚಾ ಕಪಾಟಿನ ಕಡೆ ಗಲ್ಲ ತೋರಿಸಿದರು. "ಆರನೇದು ಬರ್ಲಿ. ಓದಿ ಹೋಗ್ತೀನಿ."

ತಮಾಷೆಗೆ ಹೇಳಿದ್ದು. ಆದರೆ ಹುಡುಕಿ ನೋಡಿದರೆ ಆರನೆಯದು ನಿಜವಾಗಿಯೂ ಬಂದಿತ್ತು. ಬೇರೆ ಯಾರೋ ಬರೆದು, ಬೇರೆ ಯಾರೋ ಚಿತ್ರ ಬಿಡಿಸಿ, ಕಂಪನಿ ಅದನ್ನು ಹೊರತಂದಿತ್ತು. ಅವತ್ತೇ ಫೋನಿನಲ್ಲಿ ತರಿಸಲು ಹಾಕಿದೆ. ಶಾಲೆಯ ವಿಳಾಸಕ್ಕೆ ಬಂತು. ಕೊಪ್ಪಕ್ಕೆ ವಾಪಸಾಗುವ ಬಸ್ಸಿನಲ್ಲೇ ಬಿಚ್ಚಿದೆ. ಶೆಟ್ಟಿಕೊಪ್ಪದಲ್ಲಿ ಬಸ್ಸು ನಿಲ್ಲುವ ಹೊತ್ತಿಗೆ ಓದಿ ಮುಗಿಸಿದ್ದೆ. ಅಲ್ಲೇ ಇಳಿದು ಅದನ್ನು ಎಲ್ಲಾದರೂ ಎಸೆದುಬಿಡಲೇ ಎನ್ನಿಸಿತು.

ಹದಿನಾಲ್ಕು ಪುಟ ಪರವಾಗಿಲ್ಲ. ಕಲ್ಲು ಕುತ್ತಿಗೆಗೆ ಬರುತ್ತದೆ, ಅವನು ಬಿಡುವುದಿಲ್ಲ. ಹದಿನೈದನೆಯ ಪುಟದಲ್ಲಿ ಆ ಕಂಪನಿಯ ಬೇರೊಂದು ಸರಣಿಯ ಹಾರುವ ವೀರನೊಬ್ಬ ಆಕಾಶದಿಂದ ಇಳಿಯುತ್ತಾನೆ. ಐದು ಭಾಗದಲ್ಲಿ ಒಮ್ಮೆಯೂ ತಲೆ ಹಾಕದವನು. ಅವನ ಕೈಯಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಯಂತ್ರ. ತಿರುಗಿಸುತ್ತಾನೆ. ಕಟ್ಟೆ ಬಿರುಕು ಬಿಟ್ಟಿರುವುದೇ ಇಲ್ಲ. ಕಾವಲುಗಾರ ತನ್ನ ಮನೆಯ ಹಾಸಿಗೆಯಲ್ಲಿ ಎದ್ದು ಕೂರುತ್ತಾನೆ, ಕಾಲು ಸರಿಯಾಗಿದೆ, ಅವನಿಗೂ ಏನೂ ನೆನಪಿಲ್ಲ. ಕಿಟಕಿಯ ಹೊರಗೆ ಮುದುಕಿಯೊಬ್ಬಳು ಬುಟ್ಟಿ ಹಿಡಿದು ಹೋಗುತ್ತಿದ್ದಾಳೆ. ಕೊನೆಯ ಗುಳ್ಳೆಯಲ್ಲಿ ದಪ್ಪ ಅಕ್ಷರದಲ್ಲಿ, ಏನೂ ಆಗಲೇ ಇಲ್ಲ. ಹಿಂದಿನ ರಕ್ಷಾಪುಟದಲ್ಲಿ ಹಾರುವವನ ಹೊಸ ಸರಣಿಯ ಜಾಹೀರಾತು.

ಮೂವತ್ತು ವರ್ಷ ಒಂದು ಸ್ಟೂಲಿನ ಮೇಲೆ ಕೂತು ಯಾರೂ ಕೇಳದ ಕೆಲಸ ಮಾಡಿದ ಮನುಷ್ಯನಿಗೆ, ಕಾಲು ಕೊಯ್ಯಿಸಿಕೊಳ್ಳುವ ಮುಂಚೆ ನಾನು ಇದನ್ನು ಓದಿಸಬೇಕಿತ್ತು. ಓದಿ, ಹೋಗಲ್ಲ ಎಂದುಬಿಟ್ಟರೆ? ನಾನು ಹೆದರಿದೆ. ಆ ಹೆದರಿಕೆ ಸುಳ್ಳಲ್ಲ. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಅದೊಂದೇ.

ಅವರ ಕಣ್ಣಿಗೆ ಚಿತ್ರಗಳು ಲೆನ್ಸಿನಲ್ಲಿ ಕಾಣುತ್ತಿದ್ದವು, ಗುಳ್ಳೆಯ ಸಣ್ಣ ಇಂಗ್ಲಿಷು ಹೆಚ್ಚಾಗಿ ಕಾಣುತ್ತಿರಲಿಲ್ಲ. ಈ ಸಲ ಚೀಟಿ ನಾನೇ ಬರೆಯುತ್ತೇನೆಂದು ಪುಸ್ತಕ ತರಿಸುವಾಗಲೇ ಒಪ್ಪಿಸಿದ್ದೆ. ಭಾನುವಾರ ಮಧ್ಯಾಹ್ನ ಕೂತೆ. ದಪ್ಪ ಅಕ್ಷರದಲ್ಲಿ ಹದಿನಾಲ್ಕು ಪುಟ ಇದ್ದದ್ದು ಇದ್ದಹಾಗೆ ಬರೆದೆ. ಹದಿನೈದರಿಂದ ಕೊನೆಯ ತನಕ, ಎಂಟು ಪುಟ, ಕಥೆ ನನ್ನದಾಯಿತು. ಹಾರುವವನು ಊರವರು ಕಳಿಸಿದ ದೂತನಾದ. ಹಾಸಿಗೆಯಲ್ಲಿ ಎದ್ದವನು ಊರವರ ಆರೈಕೆಯಿಂದ ಕಲ್ಲು ಬಿಟ್ಟು ಗುಣವಾದವನಾದ. ಕೊನೆಯ ಗುಳ್ಳೆಯನ್ನು ಮುದುಕಿಯ ಬಾಯಿಗೆ ಹಾಕಿದೆ. "ಹಿಡಿದು ನಿಂತವನು ನೀನೇ ಅಂತ ನಮಗೆಲ್ಲ ಗೊತ್ತು ಮಗಾ." ಬರೆದು ನನಗೇ ಕಣ್ಣು ಒದ್ದೆಯಾಯಿತು. ಎಂಥ ಬರಹಗಾರ್ತಿ ನಾನು! ಆಮೇಲೆ, ಎತ್ತಿ ನೋಡಿದರೆ ಗತಿಯೇನು ಎಂದು ಹೊಳೆಯಿತು. ಪೇಟೆಯಲ್ಲಿ ಕೊಂಡು ತಂದ ಗೋಂದನ್ನು ಆ ಎಂಟು ಪುಟಗಳ ಚೀಟಿಗಳಿಗೆ ನಾಲ್ಕೂ ಬದಿ ಹಚ್ಚಿ ಒತ್ತಿದೆ.

ಮುಂದಿನ ಶನಿವಾರ ಅವರ ಮಂಚದ ಪಕ್ಕ ಕೂತೆ. ಲೆನ್ಸು ಹಿಡಿದು ಓದತೊಡಗಿದರು. ನಡುನಡುವೆ ಅಭ್ಯಾಸಬಲದಿಂದ ಉಗುರು ಹಾಕಿ ಚೀಟಿ ಎತ್ತುವರು, ಕಾಣಲಿ ಬಿಡಲಿ ಅಡಿಗೆ ಲೆನ್ಸು ಹಿಡಿಯುವರು, ಇಳಿಸುವರು. "ಇಲ್ಲಿ ತಡ್ಕ ಹಾಕಿದೀಯ, ಭೇಷ್" ಎಂದರು. ಹದಿನೈದನೆಯ ಪುಟ ಬಂತು. ಉಗುರು ಚೀಟಿಯ ಕೆಳಗಿನ ಅಂಚಿಗೆ ಹೋಯಿತು, ಒಳಗೆ ಹೋಗಲಿಲ್ಲ. ಬಲಬದಿಗೆ ಬಂತು. ಎಡಬದಿಗೆ ಬಂತು. ಲೆನ್ಸನ್ನು ಹೊದಿಕೆಯ ಮೇಲಿಟ್ಟರು.

"ನಾಕೂ ಬದಿ ಅಂಟ್ಸಿದೀಯಲ್ಲ ಕೂಸೇ."

"ಕಿತ್ತು ಬರ್ತದೆ ಅಂತ ಚಾಚಾ."

"ಹೌದಾ" ಎಂದರು. ಉಳಿದ ಪುಟಗಳನ್ನು ಉಗುರು ತಾಗಿಸದೆ ಓದಿದರು. ಕೊನೆಯ ಪುಟದ ಮೇಲೆ ಲೆನ್ಸು ಸ್ವಲ್ಪ ಹೆಚ್ಚೇ ನಿಂತಿತು. "ಚೆನ್ನಾಗಿದೆ ಮಾರಾಯ್ತಿ. ಊರಿಗೆ ಗೊತ್ತಾಯ್ತಲ್ಲ, ಸಾಕು. ಸೋಮವಾರ ಹೋಗಾಣ" ಎಂದರು. ನಾನು ಅಡಿಗೆಮನೆಗೆ ಓಡಿ ಚಾಚಿಗೆ ಹೇಳಿದೆ. ಚಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವತ್ತು ಚಹಾದ ಜೊತೆ ನಾನು ಎರಡು ಸಮೋಸ ತಿಂದೆ. ಗೆದ್ದವಳ ಹಾಗೆ ಮನೆಗೆ ನಡೆದೆ.

ಸೋಮವಾರ ಕಾರು ಬಂದಾಗ ಅವರು ಏಳಲಿಲ್ಲ. ಬೇಡ ಎಂದರು. ಸುದ್ದಿ ತಿಳಿದು ಶಾಲೆಯಿಂದ ನೇರ ಅಲ್ಲಿಗೇ ಹೋದೆ.

"ಹೋಗಿ ಬನ್ನಿ ಚಾಚಾ. ಸರಿಹೋಗ್ತದೆ" ಎಂದೆ.

ಅವರು ಗೋಡೆಯ ಕಡೆ ತಿರುಗಿದ್ದರು. "ಡಾಕ್ಟ್ರೂ ಹಂಗೇ ಅಂದ್ರು, ಸರಿಹೋಗ್ತದೆ ಅಂತ. ನೀನೂ ಅಂತೀಯ. ಅಡೀಲಿ ಏನಿದ್ಯೋ ಯಾರಿಗೆ ಗೊತ್ತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿಯಬಹುದಿತ್ತು. ನನಗೆ ಅರ್ಥವಾಯಿತು, ಆದರೂ ಅರ್ಥವಾಗದವಳ ಹಾಗೆ ಶಾಲೆಯ ಮಕ್ಕಳ ವಿಷಯ ತೆಗೆದೆ. ಅವರೂ ಕೇಳಿದರು. ಬಾಯಿ ಬಿಟ್ಟು ಹೇಳಬಹುದಾಗಿದ್ದ ದಿನಗಳು ಆಮೇಲೂ ಇದ್ದವು. ಎರಡು ಸಲ ಹೋದೆ, ಎರಡು ಸಲವೂ ಹೇಳದೆ ಬಂದೆ. ಮೂರನೆಯ ವಾರ ವಿಷ ಮೈಗೇರಿ ತೀರಿಕೊಂಡರು.

ನಲವತ್ತನೆಯ ದಿನ ಕಳೆದ ಮೇಲೆ ಚಾಚಿ ಹೇಳಿಕಳಿಸಿದರು. ಕಪಾಟಿನಲ್ಲಿ ಐದು ಪುಸ್ತಕಗಳ ಪಕ್ಕ ಆರು ಎಂದು ಬರೆದ ರಟ್ಟು ಹಾಗೆಯೇ ನಿಂತಿತ್ತು. ಆರನೆಯದು ದಿಂಬಿನ ಕೆಳಗಿತ್ತಂತೆ. ಚಾಚಿ ಅದನ್ನು ನನ್ನ ಕೈಗೆ ಕೊಟ್ಟರು.

"ನೀನು ಓದ್ಸಿ ಹೋದ್ಯಲ್ಲ, ಆ ಸಾಯಂಕಾಲವೇ ಒದ್ದೆ ಬಟ್ಟೆ ಕೇಳಿದ್ರು ಬೇಟಾ. ಮೈದಾ ಕಲಸ್ಸಿದ್ರು, ನೀಲಿ ಪುಡಿ ಹಾಕ್ಸಿದ್ರು. ಭಾನುವಾರ ಪೂರಾ ಅದನ್ನೇ ಹಿಡ್ಕೊಂಡು ಕೂತ್ರು. ಆಮೇಲೆ ಊಟ ಬಿಟ್ರು."

ಹದಿನೈದನೆಯ ಪುಟ ತೆಗೆದೆ. ನನ್ನ ಚೀಟಿ ಇದ್ದಲ್ಲೇ ಇತ್ತು, ಮೇಲಂಚು ಮಾತ್ರ ಅಂಟಿತ್ತು. ಉಗುರು ಹಾಕಿದೆ, ಎದ್ದಿತು. ಅದರ ಅಡಿಯಲ್ಲಿ ಇನ್ನೊಂದು ಚೀಟಿ, ಖಾಲಿ. ಅದನ್ನೂ ಎತ್ತಿದರೆ ಇಂಗ್ಲಿಷು. ಓದಲಾಗದ ಕಡೆ ಊಹೆ ಮಾಡಿ ಬರೆಯದೆ ಖಾಲಿ ಕಾಗದವನ್ನೇ ಅಂಟಿಸಿದ್ದರು. ಎಂಟು ಪುಟಗಳಲ್ಲೂ ನನ್ನ ಒಂದು ಚೀಟಿಯನ್ನೂ ಹರಿದಿರಲಿಲ್ಲ, ಕಳೆದಿರಲಿಲ್ಲ. ಎಲ್ಲವನ್ನೂ ಎತ್ತಿ ನೋಡುವ ಹಾಗೆ ಮಾಡಿಟ್ಟಿದ್ದರು. ಕೊನೆಯ ಗುಳ್ಳೆಯ ಅಕ್ಷರ ದಪ್ಪವಾದ್ದರಿಂದ ಅದೊಂದು ಅವರಿಗೆ ಸಿಕ್ಕಿತ್ತು. ಮುದುಕಿಯ ಮಾತನ್ನು ಎತ್ತಿದೆ. ಅಡಿಯ ಚೀಟಿಯಲ್ಲಿ ಕಣ್ಣು ಮಂಜಾದವರ, ಸಾಲು ತಪ್ಪಿದ ಅಕ್ಷರ. "ಏನೂ ಆಗಲೇ ಇಲ್ಲ."

ಕೆಟ್ಟ ಕೊನೆ ಅವರಿಗೆ ಹೊಸದಲ್ಲ. ನೂರಾರು ಓದಿದ್ದರು, ಬೈದು, ಚೀಟಿ ಅಂಟಿಸಿ, ಕಪಾಟಿಗೆ ಸೇರಿಸಿದ್ದರು. ಇದನ್ನೂ ಬೈದು ಶಿವಮೊಗ್ಗಕ್ಕೆ ಹೋಗುತ್ತಿದ್ದರೋ ಏನೋ. ನಾನು ಆ ಅವಕಾಶವನ್ನೇ ಕೊಡಲಿಲ್ಲ. ಎತ್ತಿ ನೋಡಲು ಅವರು ಕಲಿಸಿದ ಒಬ್ಬಳೇ ಒಬ್ಬಳು ನಾಲ್ಕೂ ಬದಿ ಅಂಟಿಸಿದಳು. ಇದಕ್ಕೆ ಸಮಾಧಾನ ಹುಡುಕಿದ್ದೇನೆ, ಸಿಕ್ಕಿಲ್ಲ.

ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದರು. "ಅಷ್ಟು ವರ್ಷ ಕಾದ್ರಲ್ಲ ಅದಕ್ಕೆ. ಏನಿತ್ತು ಬೇಟಾ ಅದರಲ್ಲಿ? ಕೊನೇಲಿ ಒಳ್ಳೇದಾಯ್ತಾ ಅವನಿಗೆ?"

"ಹೂಂ ಚಾಚಿ" ಎಂದೆ. "ಒಳ್ಳೇದಾಯ್ತು. ಊರಿಗೆಲ್ಲ ಗೊತ್ತಾಯ್ತು."

ಚಾಚಿ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಅವರಿಗೆ ಉರ್ದು ಬಿಟ್ಟರೆ ಬೇರೇನೂ ಓದಲು ಬರುವುದಿಲ್ಲ.